ನಕ್ಷೆಗೂ ಒಬ್ಬ ನಿರೂಪಕ

ಕ್ರಿ.ಪೂ. 423ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ಅರಿಸ್ಟೋಫೇನಿಸನ ‘ಮೋಡಗಳು’ ನಾಟಕದಲ್ಲಿ ಸ್ಟ್ರೆಪ್ಸಿಯಾಡಿಸ್ ಎಂಬ ಹಳ್ಳಿಯ ಮುದುಕನೊಬ್ಬ ಬರುತ್ತಾನೆ. ಮಗನ ಕುದುರೆ ಹುಚ್ಚಿನಿಂದ ಸಾಲದಲ್ಲಿ ಮುಳುಗಿರುವ ಅವನು, ಸಾಲ ಕೊಟ್ಟವರನ್ನು ಮಾತಿನಲ್ಲೇ ಸೋಲಿಸುವ ವಿದ್ಯೆ ಕಲಿಯಲು ಸಾಕ್ರಟೀಸನ ಶಾಲೆಗೆ ಹೋಗುತ್ತಾನೆ. ಅಲ್ಲಿ ಶಿಷ್ಯನೊಬ್ಬ ಲೋಕದ ನಕ್ಷೆಯನ್ನು ತೋರಿಸಿ, ಇದು ಅಥೆನ್ಸ್ ಎನ್ನುತ್ತಾನೆ. ಮುದುಕ ಒಪ್ಪುವುದಿಲ್ಲ. ಅಥೆನ್ಸೇ ಆಗಿದ್ದರೆ ನ್ಯಾಯಾಲಯದಲ್ಲಿ ಪಂಚರು ಕೂತಿರುವುದು ಕಾಣಬೇಕಿತ್ತಲ್ಲ? ಆಮೇಲೆ ಸ್ಪಾರ್ಟಾ ಎಲ್ಲಿ ಎಂದು ಕೇಳುತ್ತಾನೆ. ಶಿಷ್ಯ ಬೆರಳಿಟ್ಟು ತೋರಿಸುತ್ತಾನೆ. ಇಷ್ಟು ಹತ್ತಿರವೇ ಎಂದು ಮುದುಕನಿಗೆ ಗಾಬರಿ. ಅದನ್ನು ಸ್ವಲ್ಪ ದೂರ ಸರಿಸಿ ಎಂದು ಬೇಡಿಕೊಳ್ಳುತ್ತಾನೆ.

ಸ್ಪಾರ್ಟಾದೊಂದಿಗಿನ ಯುದ್ಧದಲ್ಲಿ ಹೈರಾಣಾಗಿದ್ದ ಪ್ರೇಕ್ಷಕರು ಈ ಮಾತಿಗೆ ಖಂಡಿತ ನಕ್ಕಿರಬೇಕು. ಆದರೆ ಮುದುಕ ಪೂರಾ ದಡ್ಡನೇನಲ್ಲ. ನಕ್ಷೆ ಎಂದರೆ ಯಾರೋ ಹೇಳಿದ ಮಾತು, ಹೇಳಿದವನನ್ನು ಕೇಳಿಕೊಂಡರೆ ಮಾತು ಬದಲಾಗಬಹುದು ಎಂದು ಅವನು ತಿಳಿದಿದ್ದಾನೆ. ಇದಕ್ಕೆ ಏಳೆಂಟು ದಶಕ ಹಿಂದಿನ ಇನ್ನೊಂದು ಪ್ರಸಂಗವನ್ನು ಹೆರೊಡೊಟಸ್ ಹೇಳುತ್ತಾನೆ. ಮಿಲೇಟಸ್ಸಿನ ಅರಿಸ್ಟಾಗೊರಸ್ ಕಂಚಿನ ಹಲಗೆಯ ಮೇಲೆ ಕೊರೆದ ಲೋಕದ ನಕ್ಷೆಯನ್ನು ಹೊತ್ತುಕೊಂಡು ಸ್ಪಾರ್ಟಾಕ್ಕೆ ಬರುತ್ತಾನೆ. ಪರ್ಷಿಯಾದ ಮೇಲೆ ಯುದ್ಧಕ್ಕೆ ರಾಜ ಕ್ಲಿಯೊಮೆನಿಸನನ್ನು ಒಪ್ಪಿಸುವುದು ಅವನ ಉದ್ದೇಶ. ನಕ್ಷೆಯ ಮೇಲೆ ಒಂದೊಂದೇ ಜನಾಂಗ, ಅವರ ಬೆಳ್ಳಿ ಬಂಗಾರ ತೋರಿಸುತ್ತ ಸೂಸಾ ನಗರದವರೆಗೂ ಬೆರಳು ಸಾಗುತ್ತದೆ. ಎಲ್ಲವೂ ಪಕ್ಕಪಕ್ಕದಲ್ಲೇ ಇವೆ. ಕೊನೆಗೆ ಕ್ಲಿಯೊಮೆನಿಸ್ ಒಂದೇ ಪ್ರಶ್ನೆ ಹಾಕುತ್ತಾನೆ: ಸಮುದ್ರತೀರದಿಂದ ಅಲ್ಲಿಗೆ ಎಷ್ಟು ದಿನದ ದಾರಿ? ಮೂರು ತಿಂಗಳು ಎಂಬ ಉತ್ತರ ಬಾಯಿ ತಪ್ಪಿ ಹೊರಬೀಳುತ್ತದೆ. ಸೂರ್ಯ ಮುಳುಗುವ ಮೊದಲು ಊರು ಬಿಡು ಎಂದು ರಾಜ ಹೇಳಿಬಿಡುತ್ತಾನೆ. ನಕ್ಷೆ ಮುಚ್ಚಿಟ್ಟಿದ್ದನ್ನು ಬಾಯಿ ಹೇಳಿಬಿಟ್ಟಿತು.

ನಕ್ಷೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಓದುವುದು ಕಣ್ಣು ತೆರೆಯುತ್ತ ಹೋದ ಕಥೆಯಾಗಿ. ಬ್ಯಾಬಿಲೋನಿನವರು ಪುರಾಣ ಬರೆದರು, ಗ್ರೀಕರು ಅಳತೆ ತಂದರು, ಮಧ್ಯಯುಗದ ಪಾದ್ರಿಗಳು ಅಳತೆಯನ್ನು ಮರೆತು ಜೆರುಸಲೇಮನ್ನು ನಡುವೆ ಇಟ್ಟು ಕೂತರು, ರೆನೈಸಾನ್ಸ್ ಬಂದು ಟಾಲೆಮಿಯನ್ನು ಮತ್ತೆ ಹುಡುಕಿ ತಂದು ಲೋಕವನ್ನು ಸರಿಪಡಿಸಿತು. ಇದಕ್ಕೆ ಎದುರಾಗಿ ವಿಚಾರಸಂಕಿರಣಗಳಲ್ಲಿ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ಹೇಳುವ ಇನ್ನೊಂದು ಕಥೆಯಿದೆ. ಜೆ.ಬಿ. ಹಾರ್ಲಿ 1989ರಲ್ಲಿ ಬರೆದ ನಕ್ಷೆಯ ನಿರಚನೆಯ ಪ್ರಸಿದ್ಧ ಲೇಖನದಿಂದ ಬಂದದ್ದು ಅದು: ನಕ್ಷೆ ಎಂದರೆ ಅಧಿಕಾರದ ಭಾಷೆ. ಹಾರ್ಲಿ ಇದನ್ನು ಹೇಳಿದಾಗ ಅದಕ್ಕೊಂದು ಹರಿತ ಇತ್ತು. ಈಗ ನಕ್ಷೆಯನ್ನು ನೋಡುವ ಮೊದಲೇ ಉತ್ತರ ಸಿದ್ಧವಿರುತ್ತದೆ. ಮೊದಲ ಕಥೆ ನಕ್ಷೆ ಸರಿಯೋ ತಪ್ಪೋ ಎಂದಷ್ಟೇ ಕೇಳುತ್ತದೆ, ಎರಡನೆಯದು ಯಾರ ಪರ ಎಂದಷ್ಟೇ. ಕಾದಂಬರಿಯನ್ನು ಓದುವಾಗ ನಾವು ಮೊದಲು ಕೇಳುವ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ. ಇಲ್ಲಿ ಮಾತಾಡುತ್ತಿರುವವರು ಯಾರು, ಅವರಿಗೆ ಇದು ಹೇಗೆ ಗೊತ್ತಾಯಿತು?

ಈ ಪ್ರಶ್ನೆ ಹಿಡಿದು ಹೊರಟರೆ ಚರಿತ್ರೆಯ ಕ್ರಮ ಸ್ವಲ್ಪ ಅಡ್ಡಾದಿಡ್ಡಿಯಾಗುತ್ತದೆ.

ಸಿಪ್ಪಾರ್ ಎಂಬಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬ್ಯಾಬಿಲೋನಿನ ಮಣ್ಣಿನ ಹಲಗೆ ಅಂಗೈಗಿಂತ ಅಷ್ಟೇನೂ ದೊಡ್ಡದಲ್ಲ. ಒಂದು ವೃತ್ತ, ಅದರ ಸುತ್ತ ಕಹಿ ನೀರಿನ ಪಟ್ಟಿ, ನಡುವೆ ಯೂಫ್ರೆಟಿಸ್, ನದಿಯ ಮೇಲೆ ಬ್ಯಾಬಿಲೋನ್ ಒಂದು ಆಯತವಾಗಿ ಕೂತಿದೆ. ಅಸ್ಸೀರಿಯಾ, ಉರಾರ್ತು ಇಂಥ ನಿಜವಾದ ಹೆಸರುಗಳಿವೆ. ನೀರಿನಾಚೆ ತ್ರಿಕೋನಗಳಾಗಿ ಹೊರಚಾಚಿದ ದೂರದ ಸೀಮೆಗಳಿವೆ, ಒಂದು ಸೀಮೆಯಲ್ಲಿ ಸೂರ್ಯ ಕಾಣುವುದಿಲ್ಲವೆಂದು ಬರೆದಿದೆ. ಎಲ್ಲ ಪುಸ್ತಕಗಳೂ ಈ ಚಿತ್ರವನ್ನು ಅಚ್ಚು ಹಾಕುತ್ತವೆ. ಆದರೆ ಹಲಗೆಯ ಮೇಲುಭಾಗ ಮತ್ತು ಹಿಂಬದಿ ತುಂಬ ಬರಹವಿದೆ. ದೂರದ ಸೀಮೆಗಳ ವರ್ಣನೆ ಇರುವುದು ಆ ಹಿಂಬದಿಯಲ್ಲಿ. ಲೋಕದ ಅತ್ಯಂತ ಹಳೆಯ ನಕ್ಷೆಗಳಲ್ಲೊಂದು ಎಂದು ನಾವು ಕರೆಯುವ ವಸ್ತುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಮಾತಿನದ್ದು. ಚಿತ್ರ ಮಾತಿಗೆ ಜೊತೆ ಕೊಡಲು ಬಂದದ್ದು.

ಮಾತನ್ನು ಹೊರಗಿಡುವ ಮೊದಲ ದೊಡ್ಡ ಪ್ರಯತ್ನ ಕ್ಲಾಡಿಯಸ್ ಟಾಲೆಮಿಯದು. ಸುಮಾರು ಕ್ರಿ.ಶ. 150ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕೂತು ಬರೆದ ‘ಭೂಗೋಳ’ದಲ್ಲಿ ಅವನು ಸುಮಾರು 8000 ಸ್ಥಳಗಳಿಗೆ ಅಕ್ಷಾಂಶ ರೇಖಾಂಶ ಕೊಟ್ಟ. ಇದಕ್ಕೆ ಅವನ ಕಾರಣ ಓದಿದರೆ ಹಸ್ತಪ್ರತಿಗಳ ಜೊತೆ ಕೆಲಸ ಮಾಡುವ ಯಾರಿಗಾದರೂ ಅವನ ಮೇಲೆ ಪ್ರೀತಿ ಬರುತ್ತದೆ. ಚಿತ್ರವನ್ನು ನೋಡಿ ಚಿತ್ರ ನಕಲು ಮಾಡುತ್ತ ಹೋದರೆ ಪ್ರತಿ ನಕಲಿನಲ್ಲೂ ತಪ್ಪು ಬೆಳೆಯುತ್ತದೆ. ಅಂಕಿಗಳನ್ನು ಕೊಟ್ಟರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಹೊಸದಾಗಿ ನಕ್ಷೆ ಬರೆಯಬಹುದು. ಪಾಠಾಂತರದ ಸಮಸ್ಯೆಗೆ ಇಷ್ಟು ಚೊಕ್ಕ ಪರಿಹಾರ ಕಂಡುಕೊಂಡವರು ಕಡಿಮೆ.

ಆದರೆ ಆ 8000 ಅಂಕಿಗಳು ಬಂದದ್ದೆಲ್ಲಿಂದ? ಆಕಾಶ ನೋಡಿ ಅಳೆದ ಊರುಗಳು ಬಹಳ ಸ್ವಲ್ಪ. ಉಳಿದದ್ದು ಹಡಗಿನವರ, ವ್ಯಾಪಾರಿಗಳ, ಸೈನಿಕರ ಬಾಯಿಮಾತು. ಅದನ್ನು ಅಂಕಿಯಾಗಿಸುವ ಅಡುಗೆಮನೆಯನ್ನು ಟಾಲೆಮಿ ಮೊದಲ ಸಂಪುಟದಲ್ಲಿ ಬಚ್ಚಿಡದೆ ತೋರಿಸುತ್ತಾನೆ. ಮಾಯಿಸ್ ಟಿಟಿಯಾನಸ್ ಎಂಬ ವ್ಯಾಪಾರಿಯ ಆಳುಗಳು ಮಧ್ಯ ಏಷ್ಯಾದ ಕಲ್ಲುಗೋಪುರದಿಂದ ರೇಷ್ಮೆಯ ನಾಡಿನ ರಾಜಧಾನಿಗೆ ಏಳು ತಿಂಗಳು ನಡೆದರಂತೆ. ಟಾಲೆಮಿಗಿಂತ ಮೊದಲಿನ ಭೂಗೋಳಕಾರ ಮರಿನಸ್ ಇದನ್ನು 36,200 ಸ್ಟೇಡಿಯಾ ಎಂದು ಲೆಕ್ಕ ಹಾಕಿದ್ದ. ದಾರಿ ನೇರವಿರುವುದಿಲ್ಲ, ಬಿರುಗಾಳಿಗೆ ದಿನಗಟ್ಟಲೆ ನಿಲ್ಲಬೇಕಾಗುತ್ತದೆ, ಮೇಲಾಗಿ ವ್ಯಾಪಾರಿಗಳಿಗೆ ಬಡಾಯಿಯ ಚಟ ಎಂದು ಟಾಲೆಮಿ ಆ ಸಂಖ್ಯೆಯನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದ. ಏಳು ತಿಂಗಳು ನಡೆದವರ ಕಾಲುಗಳು ಹೀಗೆ ಒಂದು ರೇಖಾಂಶವಾದವು. ಅಂಕಿಗೆ ನಾಲಗೆ ಇಲ್ಲ. ಮೊದಲ ಸಂಪುಟವನ್ನು ಪಕ್ಕಕ್ಕಿಟ್ಟು ಪಟ್ಟಿಯನ್ನು ಮಾತ್ರ ನೋಡುವವರಿಗೆ ಯಾವುದು ಅಳೆದದ್ದು, ಯಾವುದು ಕೇಳಿದ್ದು, ಯಾವುದು ಊಹಿಸಿ ಕತ್ತರಿಸಿದ್ದು ಎಂಬುದು ಗೊತ್ತಾಗದು.

ಆ ಪಟ್ಟಿಯ ಏಳನೆಯ ಸಂಪುಟದಲ್ಲಿ ನಮ್ಮ ಬನವಾಸಿಯೂ ಇದೆ, ‘ಬನೌಅಸೆಯಿ’ ಎಂಬಂಥ ಗ್ರೀಕ್ ರೂಪದಲ್ಲಿ. ಕನ್ನಡದ ಓದುಗರಿಗೆ ಇದೊಂದು ಹೆಮ್ಮೆಯ ಸಂಗತಿಯಾಗಿ ಪದೇಪದೇ ಬರುತ್ತದೆ. ನನಗೆ ಕಾಡುವುದು ಬೇರೆ. ಮಧ್ಯಧರಾ ಸಮುದ್ರದ ದಡದಲ್ಲಿ ಕೂತಿದ್ದ ಟಾಲೆಮಿಯ ಕಿವಿಗೆ ವರದಾ ನದಿ ದಡದ ಈ ಹೆಸರು ಬೀಳಬೇಕಾದರೆ ಎಷ್ಟು ಜನರ ಬಾಯಿ ದಾಟಿ ಬಂದಿರಬೇಕು! ಪಟ್ಟಿಯಲ್ಲಿ ಬನವಾಸಿಗೆ ಎರಡು ಅಂಕಿಗಳಿವೆ, ಅವರಲ್ಲಿ ಒಬ್ಬರೂ ಇಲ್ಲ. ಇನ್ನು ಆ ಅಂಕಿಗಳನ್ನು ಸೇರಿಸಿ ಬರೆದ ಭಾರತಕ್ಕೆ ಪರ್ಯಾಯದ್ವೀಪದ ಆಕಾರವೇ ಇಲ್ಲ. ಕೆಳಗಿನ ದಡ ಪೂರ್ವ ಪಶ್ಚಿಮವಾಗಿ ಚಪ್ಪಟೆಯಾಗಿದೆ, ಪಕ್ಕದಲ್ಲಿ ತಪ್ರೊಬಾನೆ ಎಂಬ ಲಂಕೆ ಊದಿಕೊಂಡು ನಿಂತಿದೆ. ಆಫ್ರಿಕಾ ದಕ್ಷಿಣದಲ್ಲಿ ಪೂರ್ವಕ್ಕೆ ಹೊರಳಿ ಏಷ್ಯಾವನ್ನು ಸೇರಿಬಿಟ್ಟು ಹಿಂದೂ ಮಹಾಸಾಗರವನ್ನು ಒಂದು ದೊಡ್ಡ ಕೆರೆ ಮಾಡಿದೆ.

ಮಧ್ಯಯುಗದ ಯುರೋಪಿಗೆ ಈ ಪುಸ್ತಕ ಕೈಯಲ್ಲಿರಲಿಲ್ಲ. ಆ ಕಾಲದ ಲೋಕಪಟಗಳನ್ನು ತಪ್ಪು ನಕ್ಷೆಗಳೆಂದು ನಗುವ ಅಭ್ಯಾಸ ಇನ್ನೂ ಹೋಗಿಲ್ಲ. ಸುಮಾರು 1300ರಲ್ಲಿ ಒಂದೇ ಕರುವಿನ ಚರ್ಮದ ಮೇಲೆ ಬರೆದ ಹೆರೆಫರ್ಡಿನ ಪಟ ಒಂದೂವರೆ ಮೀಟರಿಗೂ ಎತ್ತರವಿದೆ. ಪೂರ್ವ ಮೇಲಕ್ಕೆ, ತುದಿಯಲ್ಲಿ ಸ್ವರ್ಗದ ತೋಟ, ನಡುವೆ ಜೆರುಸಲೇಮ್. ಯುರೋಪಿನ ಮೇಲೆ ಬಂಗಾರದ ಅಕ್ಷರದಲ್ಲಿ ಆಫ್ರಿಕಾ ಎಂದೂ ಆಫ್ರಿಕಾದ ಮೇಲೆ ಯುರೋಪ್ ಎಂದೂ ಬರೆದಿದ್ದಾರೆ. ಅದು ದಾರಿ ಕೇಳಲು ಬಂದವರಿಗಾಗಿ ಇದ್ದ ಪಟವಲ್ಲ. ದಾರಿ ಬೇಕಾದ ನಾವಿಕರ ಬಳಿ ಅದೇ ಕಾಲಕ್ಕೆ ಮಧ್ಯಧರಾ ಸಮುದ್ರದ ದಡವನ್ನು ಬೆರಗಾಗುವಷ್ಟು ಸರಿಯಾಗಿ ಬರೆದ ಪೋರ್ಟೊಲಾನ್ ನಕ್ಷೆಗಳಿದ್ದವು. ಮೊದಲು ಇದು ಆಮೇಲೆ ಅದು ಎಂಬ ಕಥೆಗೆ ಇವೆರಡು ಒಟ್ಟಿಗೇ ಬದುಕಿದ್ದುದು ತೊಡಕಾಗುತ್ತದೆ. ಮೊದಲೇ ಹೇಳಿದ ಪ್ರಶ್ನೆಯನ್ನು ಹೆರೆಫರ್ಡ್ ಪಟಕ್ಕೆ ಹಾಕಿದರೆ ಉತ್ತರ ಸಿಗುತ್ತದೆ: ಇದು ಹಳೆಯ ಗ್ರಂಥಗಳ ಧ್ವನಿ, ಯಾರೂ ಹೋಗಿ ನೋಡಿ ಬಂದ ಧ್ವನಿಯಲ್ಲ.

ಸುಮಾರು 1295ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಸನ್ಯಾಸಿ ಮ್ಯಾಕ್ಸಿಮಸ್ ಪ್ಲಾನುಡಿಸ್ ಟಾಲೆಮಿಯ ಗ್ರೀಕ್ ಪ್ರತಿಯನ್ನು ಪತ್ತೆ ಹಚ್ಚಿದ. ನೂರು ವರ್ಷದ ನಂತರ ಅದು ಫ್ಲಾರೆನ್ಸಿಗೆ ಬಂತು, 15ನೆಯ ಶತಮಾನದ ಮೊದಲ ದಶಕದಲ್ಲಿ ಜಾಕೊಪೊ ಆಂಜೆಲಿ ಅದನ್ನು ಲ್ಯಾಟಿನ್ನಿಗೆ ತಂದ. ಮಾನವತಾವಾದಿ ಪಂಡಿತರಿಗೆ ಅದು ಹಬ್ಬ. ಪುರಾತನರ ಪುಸ್ತಕ, ಅದರಲ್ಲೂ ಅಂಕಿಗಳಿರುವ ಪುಸ್ತಕ. ಈ ಹಬ್ಬದ ನಡುವೆ ವೆನಿಸ್ಸಿನ ದ್ವೀಪವೊಂದರಲ್ಲಿ ಒಬ್ಬ ಸನ್ಯಾಸಿ ಬೇರೆಯದೇ ಕೆಲಸ ಮಾಡುತ್ತಿದ್ದ.

ಸ್ಯಾನ್ ಮಿಕೆಲೆ ಮಠದ ಫ್ರಾ ಮೌರೋ ಸುಮಾರು 1450ರಲ್ಲಿ ಬರೆದ ಲೋಕಪಟ ಈಗ ವೆನಿಸ್ಸಿನ ಮಾರ್ಚಿಯಾನಾ ಗ್ರಂಥಾಲಯದಲ್ಲಿದೆ. ಅದರ ಅಡ್ಡಳತೆ ಸುಮಾರು ಎರಡು ಮೀಟರ್. ಹೊರನೋಟಕ್ಕೆ ಹಳೆಯ ಜಾತಿಯದೇ: ದುಂಡಗಿದೆ, ಅಕ್ಷಾಂಶ ರೇಖಾಂಶಗಳ ಗೆರೆಗಳಿಲ್ಲ. ದಕ್ಷಿಣ ಮೇಲಿದೆ, ಅರಬ್ ಭೂಗೋಳಕಾರ ಅಲ್ ಇದ್ರೀಸಿ ಸಿಸಿಲಿಯ ರಾಜನಿಗೆ 1154ರಲ್ಲಿ ಮಾಡಿಕೊಟ್ಟ ನಕ್ಷೆಯಲ್ಲಿದ್ದಂತೆ. ಆದರೆ ಹತ್ತಿರ ಹೋದರೆ ಪಟವೆಲ್ಲ ಅಕ್ಷರ. ಸುಮಾರು 3000 ಬರಹಗಳಿವೆ, ಪಂಡಿತರ ಲ್ಯಾಟಿನ್ನಿನಲ್ಲಿ ಅಲ್ಲ, ವೆನಿಸ್ಸಿನ ಆಡುಮಾತಿನಲ್ಲಿ. ನನ್ನ ತಿಳಿವಳಿಕೆಯಲ್ಲಿ ಇಷ್ಟೊಂದು ‘ನಾನು’ ಇರುವ ನಕ್ಷೆ ಇನ್ನೊಂದಿಲ್ಲ. ಇಲ್ಲಿ ನಿರೂಪಕ ತೆರೆಯ ಹಿಂದೆ ಅಡಗಿಲ್ಲ. ನಮ್ಮೆದುರು ಕೂತು, ಇದನ್ನು ಹೀಗೆ ಬರೆದೆ, ಯಾಕೆಂದರೆ ಎಂದು ಶುರು ಮಾಡುತ್ತಾನೆ.

ಟಾಲೆಮಿಯನ್ನು ಯಾಕೆ ಅನುಸರಿಸಲಿಲ್ಲ ಎಂಬುದಕ್ಕೆ ಅವನ ವಿವರಣೆ ಬಹಳ ವಿನಯದ್ದು, ಬಹಳ ಚೂಪಿನದು ಕೂಡ. ಟಾಲೆಮಿಗೆ ವಿರುದ್ಧ ಹೋಗುವ ಇಚ್ಛೆ ತನಗಿಲ್ಲ, ಆದರೆ ಅವನ ಗೆರೆಗಳನ್ನೂ ಡಿಗ್ರಿಗಳನ್ನೂ ಪಾಲಿಸಿದರೆ ಅವನು ಹೆಸರಿಸದ ಎಷ್ಟೋ ನಾಡುಗಳನ್ನು ಬಿಡಬೇಕಾಗುತ್ತದೆ ಎನ್ನುತ್ತಾನೆ. ಜೆರುಸಲೇಮ್ ನಡುವಿಲ್ಲದ್ದಕ್ಕೂ ಸಮಜಾಯಿಷಿ ಇದೆ. ಅಳತೆಯ ಪ್ರಕಾರ ಅದು ಪಶ್ಚಿಮಕ್ಕೆ ಸರಿದಿದೆ ನಿಜ, ಆದರೆ ಪಶ್ಚಿಮದಲ್ಲಿ ಜನ ದಟ್ಟವಾಗಿರುವುದರಿಂದ, ಬರಿಯ ನೆಲವನ್ನು ಎಣಿಸದೆ ಜನರನ್ನು ಎಣಿಸಿದರೆ ಅದು ನಡುವೆಯೇ ಇದೆ! ಇದು ತಪ್ಪಿಸಿಕೊಳ್ಳುವ ಮಾತು ಅನ್ನಿಸಬಹುದು. ನನಗೆ ಮಾತ್ರ ಶಾಸ್ತ್ರವನ್ನೂ ಕಂಡದ್ದನ್ನೂ ಎರಡನ್ನೂ ಬಿಡಲಾಗದವನ ಕಷ್ಟ ಇದರಲ್ಲಿ ಕಾಣುತ್ತದೆ. ಸ್ವರ್ಗದ ತೋಟವನ್ನು ಅವನು ಲೋಕದ ವೃತ್ತದಿಂದಲೇ ತೆಗೆದು ಚೌಕಟ್ಟಿನ ಮೂಲೆಯಲ್ಲಿ ಪ್ರತ್ಯೇಕವಾಗಿ ಇಟ್ಟ. ಭೂಮಿಯ ಸುತ್ತಳತೆಗೆ ಎರಡು ಅಭಿಪ್ರಾಯ ಕೊಟ್ಟು, ಯಾವುದನ್ನೂ ಯಾರೂ ಪರೀಕ್ಷಿಸಿಲ್ಲವಾದ್ದರಿಂದ ಇವಕ್ಕೆ ಹೆಚ್ಚಿನ ಆಧಾರವಿಲ್ಲ ಎಂದು ಮುಂದೆ ಹೋದ. ಇಥಿಯೋಪಿಯದ ಭಾಗಕ್ಕೆ ಬಂದಾಗ, ಅಲ್ಲೇ ಹುಟ್ಟಿದ ಧರ್ಮಸ್ಥರು ತಮ್ಮ ಕೈಯಾರೆ ಈ ನಾಡು ಊರು ನದಿಗಳನ್ನು ತನಗೆ ಬರೆದು ತೋರಿಸಿದರು ಎಂದು ದಾಖಲಿಸಿದ. ನಾಡಿನವರೇ ತಮ್ಮ ನಾಡನ್ನು ಬರೆದುಕೊಟ್ಟರು ಎಂದು ಒಪ್ಪಿಕೊಳ್ಳುವ ಈ ಸಾಲಿಗೆ ಮುಂದಿನ ನಾಲ್ಕು ಶತಮಾನಗಳ ಯುರೋಪಿನ ನಕ್ಷೆಗಳಲ್ಲಿ ಜೊತೆ ಹುಡುಕುವುದು ಸುಲಭವಲ್ಲ.

ಈಗ ಹಿಂದೂ ಮಹಾಸಾಗರಕ್ಕೆ ಬರೋಣ. ಫ್ರಾ ಮೌರೋನ ಪಟದಲ್ಲಿ ಅದು ಮುಚ್ಚಿಲ್ಲ. ಆಫ್ರಿಕಾದ ಕೆಳಗೆ (ಅವನ ಪಟದಲ್ಲಿ ಮೇಲೆ) ನೀರು ಸುತ್ತಿಕೊಂಡು ಹೋಗುತ್ತದೆ. ಪೋರ್ಚುಗಲ್ಲಿನ ಬಾರ್ತೊಲೊಮೆಯು ಡಿಯಾಸ್ ಆ ತುದಿಯನ್ನು ಸುತ್ತಿದ್ದು 1488ರಲ್ಲಿ, ಅಂದರೆ ಮೂರೂವರೆ ದಶಕಕ್ಕೂ ಹೆಚ್ಚು ತಡವಾಗಿ. ಸನ್ಯಾಸಿಗೆ ಇದು ಹೇಗೆ ಗೊತ್ತಾಯಿತು? ಅವನೇ ಹೇಳುತ್ತಾನೆ. ಸುಮಾರು 1420ರಲ್ಲಿ ಭಾರತದ ಕಡೆಯ ಜಂಕ್ ಹಡಗೊಂದು ಆಫ್ರಿಕಾದ ತುದಿ ದಾಟಿ ನಲವತ್ತು ದಿನ ಪಶ್ಚಿಮಕ್ಕೂ ನೈಋತ್ಯಕ್ಕೂ ಸಾಗಿತಂತೆ, ಗಾಳಿ ನೀರು ಬಿಟ್ಟರೆ ಏನೂ ಕಾಣಲಿಲ್ಲವಂತೆ. ಹಿಂತಿರುಗುವಾಗ ದಡಕ್ಕಿಳಿದ ನಾವಿಕರು ಕೊಡದಷ್ಟು ದೊಡ್ಡ ಪಕ್ಷಿಯ ಮೊಟ್ಟೆ ಕಂಡರಂತೆ. ಈ ದಾರಿಯಲ್ಲಿ ಹೋಗಿಬಂದ ನಂಬಿಕಸ್ಥನೊಬ್ಬನ ಬಳಿ ತಾನೇ ಮಾತಾಡಿದ್ದಾಗಿಯೂ ಬರೆಯುತ್ತಾನೆ. ಜೊತೆಗೆ ಸಮುದ್ರ ತೆರೆದಿದೆ ಎಂದ ಹಳೆಯ ಲೇಖಕರನ್ನೂ ಸಾಕ್ಷಿಗೆ ಕರೆಯುತ್ತಾನೆ.

ಪಕ್ಷಿಯ ಮೊಟ್ಟೆಯಿಂದಾಗಿ ಇಡೀ ಮಾತನ್ನು ತಳ್ಳಿಹಾಕುವವರಿದ್ದಾರೆ. ಹಾಗೆ ಮಾಡುವುದು ಟಾಲೆಮಿ ವ್ಯಾಪಾರಿಗಳಿಗೆ ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಫ್ರಾ ಮೌರೋ ಮೊಟ್ಟೆಯನ್ನು ತೆಗೆದು ಸಮುದ್ರವನ್ನು ಮಾತ್ರ ಉಳಿಸಿಕೊಂಡಿದ್ದರೆ ಅವನು ಹೆಚ್ಚು ‘ವೈಜ್ಞಾನಿಕ’ ಆಗುತ್ತಿದ್ದನೇನೋ, ಆದರೆ ನಮಗೆ ಸಾಕ್ಷಿಯ ಗುಣ ತೂಗಿ ನೋಡುವ ದಾರಿ ಮುಚ್ಚಿಹೋಗುತ್ತಿತ್ತು.

ಇಲ್ಲಿ ಕರ್ನಾಟಕಕ್ಕೂ ಒಂದು ಎಳೆ ಬಂದು ಸೇರುತ್ತದೆ. ವೆನಿಸ್ ಸೀಮೆಯ ವ್ಯಾಪಾರಿ ನಿಕೊಲೊ ದೆ ಕೋಂತಿ ಸುಮಾರು 25 ವರ್ಷ ಪೂರ್ವದೇಶಗಳಲ್ಲಿ ಅಲೆದ. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ. ಹಿಂತಿರುಗಿದ ಮೇಲೆ ಫ್ಲಾರೆನ್ಸಿನಲ್ಲಿ ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿ ಅವನ ಬಾಯಿಂದ ಕಥೆ ಕೇಳಿ 1448ರಲ್ಲಿ ಮುಗಿಸಿದ ತನ್ನ ಲ್ಯಾಟಿನ್ ಗ್ರಂಥದ ನಾಲ್ಕನೆಯ ಭಾಗವಾಗಿ ಸೇರಿಸಿದ. ಅರವತ್ತು ಮೈಲಿ ಸುತ್ತಳತೆ, ಬೆಟ್ಟಗಳ ಬುಡ ತಬ್ಬಿದ ಕೋಟೆ, ಆಯುಧ ಹಿಡಿಯಬಲ್ಲ 90,000 ಜನ ಎಂಬ ವಿಜಯನಗರದ ವರ್ಣನೆ ನಮ್ಮ ಚರಿತ್ರೆಯ ಪುಸ್ತಕಗಳಿಗೆ ಬಂದದ್ದು ಅಲ್ಲಿಂದ. ಕೋಂತಿಯ ಮಾಹಿತಿ ಫ್ರಾ ಮೌರೋನ ಪಟದಲ್ಲಿ ಇಳಿದಿದೆ ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ತಪ್ರೊಬಾನೆ ಎಂದರೆ ಸುಮಾತ್ರಾ ಎಂದು ಕೋಂತಿ ಹೇಳಿದ್ದ. ಟಾಲೆಮಿ ತಪ್ರೊಬಾನೆಯನ್ನು ಬರೆಯಲು ಹೋಗಿ ಬರೆದದ್ದು ಬರಿಯ ಸಿಲೋನನ್ನು ಎಂದು ಫ್ರಾ ಮೌರೋ ಪಟದ ಮೇಲೆ ಟೀಕೆ ಮಾಡುತ್ತಾನೆ. ನಿಜದಲ್ಲಿ ಟಾಲೆಮಿಯ ತಪ್ರೊಬಾನೆ ಲಂಕೆಯೇ, ತಪ್ಪು ತಿದ್ದುಪಡಿಯದ್ದು. ಕಂಡು ಬಂದವರ ಮಾತು ಯಾವಾಗಲೂ ಸರಿ ಎಂದು ವಾದಿಸುವುದು ನನ್ನ ಇರಾದೆಯಲ್ಲ. ಫ್ರಾ ಮೌರೋನ ಪಟದಲ್ಲೂ ಭಾರತ ಭಾರತದಂತೆ ಕಾಣುವುದಿಲ್ಲ. ಆದರೆ ಅವನ ತಪ್ಪಿಗೆ ಹೆಜ್ಜೆಗುರುತಿದೆ, ಅದನ್ನು ಹಿಡಿದು ಹಿಂದಕ್ಕೆ ನಡೆಯಬಹುದು.

ನಡೆದರೆ ಎಲ್ಲಿಗೆ ಮುಟ್ಟುತ್ತೇವೆ? ಕೋಂತಿಯ ಜೊತೆ ಹೊರಟಿದ್ದ ಅವನ ಹೆಂಡತಿ ಮತ್ತು ಇಬ್ಬರು ಮಕ್ಕಳು ಊರು ಸೇರುವ ಮೊದಲೇ ಈಜಿಪ್ಟಿನಲ್ಲಿ ಪ್ಲೇಗಿಗೆ ಬಲಿಯಾದರು. ಪೊಜ್ಜೊ ಅವಳ ಹೆಸರನ್ನು ಬರೆಯಲಿಲ್ಲ. ವ್ಯಾಪಾರಿಯೊಬ್ಬ ಪರದೇಶದ ಭಾಷೆ, ಬೆಲೆ, ಹಬ್ಬ, ಮನೆಯೊಳಗಿನ ರೀತಿನೀತಿ ಕಲಿಯುವುದು ಯಾರಿಂದ ಎಂದು ಯೋಚಿಸಿದರೆ, ಯುರೋಪಿನ ಅತ್ಯುತ್ತಮ ಲೋಕಪಟದ ಹಿಂದಿನ ಸಾಕ್ಷಿಗಳಲ್ಲಿ ಅವಳೂ ಇದ್ದಿರಬಹುದು ಎಂಬುದು ತೀರ ಅತಿರೇಕದ ಊಹೆಯಲ್ಲ. ಊಹೆ ಎಂದೇ ಹೇಳುತ್ತಿದ್ದೇನೆ. ಫ್ರಾ ಮೌರೋನಂಥ ಉದಾರ ನಿರೂಪಕನ ಕಿವಿಗೂ ಒಂದು ಗಡಿಯಿತ್ತು ಎನ್ನಲು ಇದು ಬೇಕಾಗುತ್ತದೆ. ಅವನು ಕೇಳಿಸಿಕೊಂಡದ್ದು ವೆನಿಸ್ಸಿನವರೆಗೆ ಜೀವಂತ ಬಂದವರ ಮಾತನ್ನು.

ಪೋರ್ಚುಗಲ್ಲಿನ ದೊರೆ ಐದನೆಯ ಅಫೊನ್ಸೊ ಈ ಪಟದ ಪ್ರತಿಯೊಂದನ್ನು ಮಾಡಿಸಿದ, 1459ರಲ್ಲಿ ಅದು ಲಿಸ್ಬನ್ನಿಗೆ ಹೋಯಿತು. ಆಮೇಲಿನದ್ದು ಮುದ್ರಣದ ಕಾಲ. ಮುದ್ರಣಕ್ಕೆ ಹೋದದ್ದು ಫ್ರಾ ಮೌರೋ ಅಲ್ಲ, ಟಾಲೆಮಿ. ಎರಡು ಮೀಟರಿನ ಮಾತಾಡುವ ಪಟವನ್ನು ಅಚ್ಚು ಹಾಕುವುದು ಕಷ್ಟ, ಚೌಕಟ್ಟಿನೊಳಗೆ ಕೂರುವ ಗೆರೆಗಳನ್ನು ಕೊರೆಯುವುದು ಸುಲಭ ಎಂಬುದೂ ಇದಕ್ಕೊಂದು ಕಾರಣವಿರಬೇಕು. 1477ರಲ್ಲಿ ಬೊಲೊನ್ಯಾದಲ್ಲಿ, 1478ರಲ್ಲಿ ರೋಮಿನಲ್ಲಿ, 1482ರಲ್ಲಿ ಉಲ್ಮ್‌ನಲ್ಲಿ ನಕ್ಷೆಗಳ ಸಮೇತ ಟಾಲೆಮಿ ಹೊರಬಂದ. ಉಲ್ಮ್ ಆವೃತ್ತಿ ಮುದ್ದಾದ ಪುಸ್ತಕ. ಅದರಲ್ಲಿ ಐದು ಹೊಸ ನಕ್ಷೆಗಳನ್ನೂ ಸೇರಿಸಿದ್ದಾರೆ: ಇಟಲಿ, ಸ್ಪೇನ್, ಫ್ರಾನ್ಸ್, ಉತ್ತರದ ನಾಡುಗಳು, ಪವಿತ್ರಭೂಮಿ. ಅಂದರೆ ಪುರಾತನರು ತಮ್ಮ ಊರುಗಳ ಬಗ್ಗೆ ತಪ್ಪಿದ್ದಾರೆ ಎಂಬುದು ಪ್ರಕಾಶಕರಿಗೆ ಗೊತ್ತಿತ್ತು, ತಿದ್ದಿಕೊಂಡರು. ಏಷ್ಯಾ ಮಾತ್ರ 1300 ವರ್ಷ ಹಳೆಯ ಅಂಕಿಗಳಲ್ಲೇ ಉಳಿಯಿತು. ವೆನಿಸ್ಸಿನಲ್ಲಿ ಮೂರು ದಶಕದ ಹಿಂದೆಯೇ ತೆರೆದುಕೊಂಡಿದ್ದ ಕಡಲು ಉಲ್ಮ್‌ನಲ್ಲಿ ಮತ್ತೆ ಮುಚ್ಚಿಕೊಂಡಿತು. ರೆನೈಸಾನ್ಸ್ ಎಂದರೆ ಕಣ್ಣು ತೆರೆದ ಕಾಲ ಎಂಬ ವಾಕ್ಯವನ್ನು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳು ಈ ಪುಟವನ್ನು ಒಮ್ಮೆ ನೋಡಬೇಕು.

ಗೆರೆಜಾಲಕ್ಕೆ ಇನ್ನೊಂದು ಗುಣವಿದೆ. ಫ್ರಾ ಮೌರೋನ ವೃತ್ತದಲ್ಲಿ ಖಾಲಿ ಎಂಬುದೇ ಇಲ್ಲ, ಗೊತ್ತಿಲ್ಲದ ಕಡೆ ಯಾರೋ ಹೇಳಿದ ಮಾತಿದೆ, ಇಲ್ಲವೇ ಅನುಮಾನವಿದೆ. ಗೆರೆಗಳ ಚೌಕದಲ್ಲಿ ಮಾಹಿತಿ ಇಲ್ಲದ ಮನೆ ಖಾಲಿ ಮನೆಯಾಗಿ ಕಾಣುತ್ತದೆ. ಯಾರೂ ನೋಡದ ನೀರಿನ ಮೇಲೂ ಗೆರೆ ಎಳೆಯಬಹುದು ಎಂಬ ಧೈರ್ಯ ಆಗ ಬರುತ್ತದೆ. 1494ರ ಟೋರ್ಡೆಸಿಲಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಕೇಪ್ ವರ್ಡ್ ದ್ವೀಪಗಳಿಂದ 370 ಲೀಗ್ ಪಶ್ಚಿಮಕ್ಕೆ ಉತ್ತರ ದಕ್ಷಿಣವಾಗಿ ಗೆರೆ ಎಳೆದು, ತಾವಿನ್ನೂ ಕಾಣದ ನೆಲಗಳನ್ನು ಪಾಲು ಮಾಡಿಕೊಂಡವು. ಹಾರ್ಲಿಯ ಮಾತು ಇಲ್ಲಿ ಅಕ್ಷರಶಃ ನಿಜ. ಆದರೆ ಅದು ಎಲ್ಲ ನಕ್ಷೆಗಳ ಮಾತಲ್ಲ, ಸಾಕ್ಷಿಯ ಬಾಯಿ ಮುಚ್ಚಿಸಿಕೊಂಡ ಒಂದು ಬಗೆಯ ನಕ್ಷೆಯ ಮಾತು.

ಹಾಗೆಂದು ಅಂಕಿಗಳ ಮೇಲೆ ದ್ವೇಷ ಸಾಧಿಸುವುದು ಸರಿಯಲ್ಲ. ತಪ್ಪು ಇಷ್ಟು ಡಿಗ್ರಿ ಎಂದು ಹೇಳಲು ಸಾಧ್ಯವಾದದ್ದೇ ಟಾಲೆಮಿಯಿಂದ. ಮಧ್ಯಧರಾ ಸಮುದ್ರವನ್ನು ಅವನು ಸುಮಾರು 62 ಡಿಗ್ರಿ ಉದ್ದ ಎಳೆದಿದ್ದ, ನಿಜಕ್ಕೂ ಇರುವುದು ಸುಮಾರು 42. ಇಂಥ ಹೋಲಿಕೆಯನ್ನು ಫ್ರಾ ಮೌರೋನ ಪಟದ ಮೇಲೆ ಮಾಡಲು ಹೋದರೆ ಹಿಡಿಯಲು ಏನೂ ಸಿಗುವುದಿಲ್ಲ. 1570ರಲ್ಲಿ ಆಂಟ್ವೆರ್ಪಿನ ಅಬ್ರಹಾಂ ಒರ್ಟೆಲಿಯಸ್ ತನ್ನ ನಕ್ಷೆಗಳ ಸಂಪುಟ ಹೊರತಂದಾಗ ಈ ಎರಡು ದಾರಿಗಳು ಸ್ವಲ್ಪ ಹೊತ್ತು ಒಟ್ಟಿಗೆ ಬಂದವು. ಅವನು ಪುಸ್ತಕದ ಮೊದಲಲ್ಲಿ ತಾನು ಬಳಸಿದ, ತನಗೆ ಗೊತ್ತಿದ್ದ ನಕ್ಷೆಕಾರರ ಹೆಸರುಗಳನ್ನು ಪಟ್ಟಿ ಮಾಡಿ ಕೊಟ್ಟ, ಪಾಠಸಂಪಾದಕ ಪ್ರತಿಗಳ ಪಟ್ಟಿ ಕೊಡುವಂತೆ. ಆದರೆ ಆ ಪಟ್ಟಿಯಲ್ಲಿರುವವರು ನಕ್ಷೆ ಬರೆದವರು. ದಾರಿ ಹೇಳಿದವರ ಹೆಸರಿಗೆ ಅಲ್ಲಿ ಜಾಗವಿಲ್ಲ.

ಅವನ ಗೆಳೆಯ ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ಹೊಸ ವಿಧಾನದ ಲೋಕನಕ್ಷೆ ಮಾಡಿದ್ದು ಎಲ್ಲರಿಗೂ ಗೊತ್ತು. ಒಂಬತ್ತು ವರ್ಷದ ನಂತರ ಅವನು ಮಾಡಿದ ಇನ್ನೊಂದು ಕೆಲಸಕ್ಕೆ ಅಷ್ಟು ಹೆಸರಿಲ್ಲ. ಟಾಲೆಮಿಯ ನಕ್ಷೆಗಳನ್ನು ಹೊಸ ನಕ್ಷೆಗಳಿಂದ ಬೇರ್ಪಡಿಸಿ, ಒಂದನ್ನೂ ಆಧುನಿಕಗೊಳಿಸದೆ, ಹಳೆಯ ಕೃತಿಯೊಂದನ್ನು ಸಂಪಾದಿಸುವ ಶ್ರದ್ಧೆಯಿಂದ 1578ರಲ್ಲಿ ಪ್ರಕಟಿಸಿದ. ಆ ಹೊತ್ತಿಗೆ ಪೋರ್ಚುಗಲ್ಲಿನ ಹಡಗುಗಳು ಎಂಬತ್ತು ವರ್ಷದಿಂದ ಮಲಬಾರಿಗೆ ಬಂದುಹೋಗುತ್ತಿದ್ದವು. ಮರ್ಕೇಟರನ ಆ ಪುಟದಲ್ಲಿ ಲಂಕೆ ಊದಿಕೊಂಡೇ ಇದೆ, ಭಾರತದ ದಡ ಚಪ್ಪಟೆಯಾಗಿಯೇ ಇದೆ, ಕಡಲಿನ ದಕ್ಷಿಣಕ್ಕೆ ನೆಲದ ಗೋಡೆ ಹಾಗೆಯೇ ನಿಂತಿದೆ. ಈ ಸಲ ಅದನ್ನು ಹೇಳುತ್ತಿರುವವನು ಅಲೆಕ್ಸಾಂಡ್ರಿಯಾದ ಟಾಲೆಮಿ ಎಂಬುದು ಓದುಗರಿಗೆ ಗೊತ್ತಿತ್ತು.